ನಿಮ್ಮಮ್ಮ, ನಿಮ್ಮಕ್ಕ

ಜನವರಿ 11

ಪ್ರೀತಿಯ ಗೀಚಿಗೆ,

ನಿನ್ನ ಸೋದರಮಾವ ಕ್ಷೇಮ. ಕ್ಷೇಮ ಅನ್ನುವುದು ಸಣ್ಣ ಮಾತಾಯಿತು. ಈ ಬೀದಿಯಲ್ಲಿ ನನ್ನಷ್ಟು ನೆಟ್ಟಗೆ ನಡೆಯುವ ಗಂಡಸು ಇನ್ನೊಬ್ಬನಿಲ್ಲ ಎಂದು ಎದುರುಮನೆಯ ಡಾಕ್ಟರೇ ಒಪ್ಪಿಕೊಂಡಿದ್ದಾನೆ. ಮಂಡಿ ಮಾತ್ರ ಸ್ವಲ್ಪ ಕಿರಿಕಿರಿ. ಅದು ಡಾಕ್ಟರಿಗೆ ಗೊತ್ತಿಲ್ಲ.

ಕಳೆದ ವಾರ ಬ್ಯಾಂಡಿನವರು ಕೋಟು ಹೊಲಿಸಲು ಬಂದಿದ್ದರು. ಊರಿನಲ್ಲಿ ಬೇರೆ ಟೈಲರುಗಳಿಲ್ಲವೇ? ಇದ್ದಾರೆ. ಆದರೆ ಕೋಟಿನ ಭುಜ ಕೂರಿಸುವುದು ಅಂದರೆ ನಾನೇ. ಟೇಪು ಮುಟ್ಟಲಿಲ್ಲ. ಕಣ್ಣಳತೆಯಲ್ಲೇ ಎಲ್ಲರ ಎದೆ, ಭುಜ, ತೋಳು ಬರೆದುಕೊಂಡೆ. ದೊಡ್ಡ ಡ್ರಮ್ಮು ಬಾರಿಸುವವನು, ‘ಯಜಮಾನರೇ, ನನ್ನ ಹೊಟ್ಟೆ ಬರ್ಕೊಳ್ಳಲೇ ಇಲ್ಲ’ ಅಂದ. ‘ಅದು ಹೊಟ್ಟೆಯೇನಯ್ಯಾ? ನಾನು ಡ್ರಮ್ಮು ಅಂದುಕೊಂಡಿದ್ದೆ’ ಅಂದೆ. ಎಲ್ಲರೂ ಬಿದ್ದು ಬಿದ್ದು ನಕ್ಕರು. ನೀನಿದ್ದಿದ್ದರೆ ನೀನೂ ನಗುತ್ತಿದ್ದೆ.

ನಾನು ಹಳ್ಳಿ ಶಾಲೆಯಲ್ಲಿ ನಾಲ್ಕು ಅಕ್ಷರ ಕಲಿತವನು. ಅಕ್ಷರವನ್ನು ಚೆಂದವಾಗಿ ಬರೆದೇ ಹೊಟ್ಟೆ ಹೊರೆಯಬಹುದು ಅನ್ನುವುದು ಅಲ್ಲಿ ಯಾರಿಗೂ ಗೊತ್ತಿರಲಿಲ್ಲ. ಆದರೂ ಈ ವಿದ್ಯೆ ನಿನಗೆ ಬಂದದ್ದು ನನ್ನ ಕಡೆಯಿಂದಲೇ. ನಾನು ಬಟ್ಟೆಯ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆಯುವುದನ್ನು ನೋಡುತ್ತಾ ತಾನೇ ನೀನು ಬೆಳೆದದ್ದು? ಯಾರದೋ ಮದುವೆ ಕೋಟಿನ ಬೆನ್ನ ಮೇಲೆ ನೀನು ಗೀಚಿಟ್ಟ ದಿನವೇ ನಿನಗೆ ಈ ಹೆಸರು ಬಿದ್ದದ್ದು. ಆ ಮದುಮಗ ಗೀಚು ಹೊತ್ತುಕೊಂಡೇ ಮದುವೆಯಾದ. ಇವತ್ತಿಗೂ ಸುಖವಾಗಿದ್ದಾನೆ.

ಈಗ ಮುಖ್ಯ ಮಾತು. ನಿಮ್ಮಮ್ಮ ಹೋಗಿ ಎರಡು ತಿಂಗಳು ದಾಟಿತು. ಅವಳನ್ನು ಮಲಗಿಸಿದ ಜಾಗದಲ್ಲಿ ಇನ್ನೂ ಬರೀ ಮಣ್ಣು. ಕಲ್ಲು ಕೆತ್ತುವ ನಿನ್ನ ಗೆಳತಿ ಕಲ್ಲು ಆರಿಸಿಟ್ಟುಕೊಂಡು ಕಾಯುತ್ತಿದ್ದಾಳೆ, ಏಪ್ರಿಲ್ ಮುಗಿಯುತ್ತಲೇ ಶೆಡ್ಡಿಗೆ ಬೀಗ ಹಾಕಿ ದೂರದ ಕೆಲಸಕ್ಕೆ ಹೊರಡುತ್ತಾಳೆ ಅಂತ ನೀನೇ ಫೋನಿನಲ್ಲಿ ಹೇಳಿದೆ. ಊರಿಗೆಲ್ಲ ಹೆಸರು ಬರೆದುಕೊಡುವವಳಿಗೆ ಹೆತ್ತವಳ ಹೆಸರು ಬರೆಯಲು ಇಷ್ಟು ದಿನ ಬೇಕೇ? ನಾನೇ ಬಂದು ಪಕ್ಕದಲ್ಲಿ ನಿಂತು ಬರೆಸುತ್ತಿದ್ದೆ. ಮಂಡಿ ಬಿಡಬೇಕಲ್ಲ. ರೈಲಿನ ಮೆಟ್ಟಿಲು ಬಲು ಎತ್ತರ.

ಉತ್ತರ ಬರೆ. ಫೋನಿನಲ್ಲಿ ‘ಹೂಂ’ ಬಿಟ್ಟರೆ ನಿನ್ನ ಬಾಯಿಂದ ಬೇರೆ ಮಾತು ಬರುವುದಿಲ್ಲ. ಕಾಗದದಲ್ಲೂ ಹೂಂ ಅಂತ ಬರೆದರೆ ಅಂಚೆಚೀಟಿ ದಂಡ.

ನಿನ್ನ ಮಾವ

ಜನವರಿ 29

ಮಾವಾ,

ಪತ್ರ ತಲುಪಿತು.

ಕೆಲಸ ಸಾಕಷ್ಟಿದೆ. ನರ್ಸಿಂಗ್ ಕಾಲೇಜಿನ ಪ್ರಮಾಣಪತ್ರಗಳಿಗೆ ಹೆಸರು ಬರೆದುಕೊಟ್ಟೆ. ಜೇನು ಮಾರುವವರ ಸೀಸೆಗೆ ಚೀಟಿ ಬರೆದೆ. ಒಬ್ಬ ಕುಂಬಾರನ ಜೊತೆ ಸೇರಿ ತಟ್ಟೆಗಳನ್ನು ಮಾಡುತ್ತಿದ್ದೇನೆ. ಅವನು ಹಸಿಮಣ್ಣಿನ ತಟ್ಟೆ ಕೊಡುತ್ತಾನೆ, ಒಣಗುವ ಮೊದಲು ನಾನು ಬಿದಿರುಕಡ್ಡಿಯಲ್ಲಿ ಅದರ ಮೇಲೆ ಒಂದೊಂದು ಪದ ಗೀರಬೇಕು. ‘ಉಪ್ಪು’ ಗೀರಿದೆ. ‘ಸಾಕು’ ಗೀರಿದೆ. ಎಲ್ಲರಿಗೂ ಇಷ್ಟವಾಗಿದೆ. ಮೊದಲಿಗಿಂತ ಚೆನ್ನಾಗಿ ಬರುತ್ತಿದೆ ಅನ್ನುತ್ತಾರೆ. ಕೈ ಒಂದಿಷ್ಟೂ ಅಲುಗುವುದಿಲ್ಲ.

ಮೊದಲೆಲ್ಲ ದಾರಿಯಲ್ಲಿ ಹೋಗುವಾಗ ಕಂಡದ್ದೆಲ್ಲ ಅಕ್ಷರವಾಗುತ್ತಿತ್ತು. ಸುರುಳಿ ಸುತ್ತಿಟ್ಟ ನೀರಿನ ಪೈಪು, ಕಿಟಕಿಯಲ್ಲಿ ಮೈ ಮುದುಡಿ ಮಲಗಿದ ಬೆಕ್ಕು, ಬಗ್ಗಿ ಚಪ್ಪಲಿ ಹಾಕಿಕೊಳ್ಳುವ ಮುದುಕ. ಮನೆಗೆ ಬಂದ ಕೂಡಲೇ ಬರೆದಿಡುತ್ತಿದ್ದೆ. ಈಗ ಪೈಪು ಪೈಪೇ, ಮುದುಕ ಮುದುಕನೇ.

ಮಕ್ಕಳ ಆಸ್ಪತ್ರೆಯವರು ಕಾಯುವ ಕೋಣೆಯಲ್ಲಿ ಒಂದು ಕಪ್ಪು ಗೋಡೆ ಕೊಟ್ಟಿದ್ದಾರೆ. ವಾರಕ್ಕೊಮ್ಮೆ ಬಣ್ಣದ ಸೀಮೆಸುಣ್ಣದಲ್ಲಿ ಏನಾದರೂ ಬರೆಯಬೇಕು. ಮೊದಲ ವಾರ ಬರೆದದ್ದನ್ನು ಯಾರೋ ಒರೆಸಿಬಿಟ್ಟಿದ್ದರು. ಅದಕ್ಕೆ ಈ ಸಲ ಕೆಳಗೆ ಚಿಕ್ಕದಾಗಿ ‘ದಯವಿಟ್ಟು ಅಳಿಸಬೇಡಿ’ ಎಂದು ಸೇರಿಸಿದೆ. ನೆಲ ಒರೆಸುವ ಹೆಂಗಸು ಹಿಂದೆ ನಿಂತು ಓದಿದಳು.

‘ಅಳಿಸಬೇಡಿ ಅಂತ ಬರೆದಿದೀರಲ್ಲ, ಯಾರನ್ನ?’

‘ಯಾರನ್ನೂ ಅಲ್ಲ. ಬರೆದದ್ದನ್ನ.’

‘ಓ! ನಾನು ಮಕ್ಕಳನ್ನ ಅಂದ್ಕೊಂಡೆ. ಸೂಜಿ ಚುಚ್ಚಿದ್ರೆ ಎಲ್ಲಾ ಕಿರುಚ್ಕೋತಾವಲ್ಲ, ಅದಕ್ಕೆ ಡಾಕ್ಟರಿಗೇ ಬುದ್ಧಿ ಹೇಳಿದೀರಿ ಅಂತ ಖುಷಿಯಾಯ್ತು.’

ಅವಳು ನಕ್ಕಳು. ಅದು ನಗಬೇಕಾದ ಜಾಗ ಎಂದು ನನಗೆ ತಿಳಿಯಿತು. ನಗು ಬರಲಿಲ್ಲ. ಅಳುವೂ ಬಂದಿಲ್ಲ, ಮಾವ. ಆ ದಿನವೂ ಬರಲಿಲ್ಲ. ನೀವೇ ನೋಡಿದಿರಿ, ಎಲ್ಲರಿಗೂ ನೀರು ಕೊಡುತ್ತಾ ಓಡಾಡಿಕೊಂಡಿದ್ದೆ.

ನಿಮ್ಮಕ್ಕನ ಕಲ್ಲಿಗೆ ಹೆಸರು ಬರೆಯುತ್ತಲೇ ಇದ್ದೇನೆ. ಆಗಿಲ್ಲ.

ಗೀಚಿ

ಫೆಬ್ರುವರಿ 7

ಗೀಚೀ,

ಅಲ್ಲ ಕಣೇ, ಅಳಿಸಬೇಡಿ ಅಂತ ನೀನು ಗೋಡೆಗೋಡೆಯ ಮೇಲೆ ಬರೆದರೆ ನನ್ನಂಥ ಕಸುಬುದಾರ ಎಲ್ಲಿಗೆ ಹೋಗಬೇಕು? ನಗಿಸುವುದರಲ್ಲಿ ನನ್ನನ್ನು ಮೀರಿಸಿದವನು ಇನ್ನೂ ಹುಟ್ಟಿಲ್ಲ. ನಗಿಸುವವನಿಗೆ ಅಳಿಸುವುದು ಯಾವ ಮಹಾ ಕೆಲಸ? ಅದೇ ಬಟ್ಟೆಯ ಹಿಂಬದಿ.

ಬಾ, ಪಂಥ. ಬೇಸಿಗೆ ಮುಗಿಯುವುದರೊಳಗೆ ಕಾಗದದಲ್ಲೇ ನಿನ್ನನ್ನು ಅಳಿಸುತ್ತೇನೆ. ಸೋತರೆ ಮೀಸೆ ಬೋಳಿಸುತ್ತೇನೆ. ಈ ಮೀಸೆಯನ್ನು ಕಂಡು ಎಷ್ಟು ಜನ ಹೊಟ್ಟೆ ಉರಿದುಕೊಳ್ಳುತ್ತಾರೆ ಅನ್ನುವುದು ನಿನಗೆ ಗೊತ್ತು.

ಇದು ಮೊದಲ ಬಾಣ. ನಾನಾಗ ಚಿಕ್ಕ ಹುಡುಗ. ಕಾಲಿಗೆ ಗಾಜು ಹೊಕ್ಕಿತ್ತು. ಮನೆಯಲ್ಲಿ ದೊಡ್ಡವರಿಲ್ಲ. ನಿಮ್ಮಮ್ಮ ನನ್ನನ್ನು ಬೆನ್ನ ಮೇಲೆ ಹೊತ್ತುಕೊಂಡು ಆಸ್ಪತ್ರೆಗೆ ಹೊರಟಳು. ಅವಳೇನು ದೊಡ್ಡವಳೇ? ನನಗಿಂತ ಒಂದು ಗೇಣು ಎತ್ತರ, ಅಷ್ಟೆ. ನನ್ನ ಕಾಲು ನೆಲಕ್ಕೆ ತಾಗುತ್ತಿತ್ತು. ದಾರಿಯುದ್ದಕ್ಕೂ, ‘ಅಳೋ, ಜೋರಾಗಿ ಅಳೋ, ಆಗ ಜನ ದಾರಿ ಬಿಡ್ತಾರೆ’ ಅನ್ನುತ್ತಿದ್ದಳು. ನಾನು ವೀರ. ತುಟಿ ಪಿಟ್ಟೆನ್ನಲಿಲ್ಲ. ಕೊನೆಗೆ ನನ್ನ ಪರವಾಗಿ ಅವಳೇ ಗೊಳೋ ಅಂತ ಅಳುತ್ತಾ ಓಡಿದಳು. ಆಸ್ಪತ್ರೆಯಲ್ಲಿ ಡಾಕ್ಟರು ಮೊದಲು ಅವಳ ಕಾಲು ಹಿಡಿದು ನೋಡಿದ. ಅವಳು ಅಳುತ್ತಲೇ, ‘ಇದಲ್ಲ, ಅವನ ಕಾಲು’ ಅಂದಳು. ‘ಮತ್ತೆ ನೀನ್ಯಾಕಮ್ಮಾ ಅಳ್ತಿದೀಯ?’ ‘ಅವನಿಗೆ ಬರಲ್ಲ!’

ಬಂತೇ? ಒಂದು ಹನಿಯಾದರೂ? ಕಣ್ಣು ಮುಟ್ಟಿ ನೋಡಿಕೊಂಡು ಪ್ರಾಮಾಣಿಕವಾಗಿ ಬರೆ. ಕಲ್ಲಿನದು ಏನಾಯಿತು ಅದನ್ನೂ ಬರೆ.

ಅಜೇಯನಾದ ನಿನ್ನ ಮಾವ

ಫೆಬ್ರುವರಿ 22

ಮಾವಾ,

ಬರಲಿಲ್ಲ. ಕಥೆ ಚೆನ್ನಾಗಿತ್ತು. ಎರಡು ಸಲ ಓದಿದೆ.

ಹೆಸರು ಬರೆದ ಹಾಳೆಯನ್ನು ಶೆಡ್ಡಿಗೆ ತೆಗೆದುಕೊಂಡು ಹೋಗಿದ್ದೆ. ಅಲ್ಲಿ ಎಲ್ಲದರ ಮೇಲೂ ಬಿಳಿ ಪುಡಿ ಕೂತಿರುತ್ತದೆ. ಕಲ್ಲಿನವಳ ರೆಪ್ಪೆಯ ಮೇಲೂ. ನಮ್ಮ ಕಲ್ಲನ್ನು ಒದ್ದೆ ಗೋಣಿ ಹೊದಿಸಿ ಗೋಡೆಗೆ ಒರಗಿಸಿದ್ದಾಳೆ. ಬೂದು ಬಣ್ಣ, ಸಾಧಾರಣ ಎತ್ತರ. ಹಾಳೆಯನ್ನು ಅದರ ಮೇಲೆ ಅಂಟಿಸಿ ದೂರ ನಿಂತು ನೋಡಿದಳು.

‘ಚೆನ್ನಾಗಿದೆ. ಯಾವ ಅಂಗಡಿ?’

‘ಅಂಗಡಿ ಅಲ್ಲ.’

‘ಗೊತ್ತು ಕಣೇ. ಅದಕ್ಕೇ ಕೇಳ್ತಿರೋದು.’ ಹಾಳೆ ಬಿಡಿಸಿ ಸುತ್ತಿ ನನ್ನ ಕೈಗೆ ಕೊಟ್ಟಳು. ‘ಬೋರ್ಡಿನ ಹಾಗಿದೆ. ನಾನು ಉಳಿ ಇಟ್ಟ ಮೇಲೆ ಒರೆಸೋಕಾಗಲ್ಲ. ಮನೆಗೆ ತಗೊಂಡು ಹೋಗು.’

ಗ್ರಂಥಾಲಯದ ಹೊಸ್ತಿಲಿನ ಕಲ್ಲುಗಳನ್ನು ನಾವಿಬ್ಬರೂ ಸೇರಿ ಮಾಡಿದವರು. ಆಗ ಅವಳು ಒಂದು ಹಾಳೆಯನ್ನೂ ವಾಪಸು ಮಾಡಿರಲಿಲ್ಲ. ನಾನು ಬರೆಯುವುದು, ಅವಳು ಬೈಯುತ್ತಾ ಕೆತ್ತುವುದು, ಹೀಗೇ ನಡೆದಿತ್ತು. ಅವಳ ಶೆಡ್ಡಿನ ಪಕ್ಕದಲ್ಲಿ ಒಬ್ಬನ ಯಂತ್ರವಿದೆ. ಕಂಪ್ಯೂಟರಿನಲ್ಲಿ ಹೆಸರು ಹೊಡೆದರೆ ಅದೇ ಕೊರೆದುಕೊಡುತ್ತದೆ. ಏಪ್ರಿಲ್ ದಾಟಿದರೆ ಅವನೇ ಗತಿ ಎಂದಳು.

ಹೆಸರಿನಲ್ಲಿ ತಪ್ಪಿಲ್ಲ. ದಾಖಲೆಯಲ್ಲಿ ಇದ್ದಂತೆಯೇ ಬರೆದಿದ್ದೇನೆ. ದೀರ್ಘ, ಒತ್ತು, ತಲೆಕಟ್ಟು ಎಲ್ಲ ಸರಿಯಾಗಿದೆ. ಎದ್ದು ನಿಲ್ಲುವುದಿಲ್ಲ, ಅಷ್ಟೆ. ನಿಮ್ಮಕ್ಕನಿಗೆ ಇಷ್ಟೂ ಮಾಡಲಾಗದಿದ್ದರೆ ಈ ಕೈಯಲ್ಲಿ ಲೇಖನಿ ಹಿಡಿಯುವುದು ಯಾಕೆ ಎಂದು ಯೋಚಿಸುತ್ತಿದ್ದೇನೆ. ದುಃಖದಿಂದ ಅಲ್ಲ. ಸುಮ್ಮನೆ.

ಗೀಚಿ

ಮಾರ್ಚ್ 5

ಗೀಚೀ,

ಎರಡನೆಯ ಬಾಣಕ್ಕೆ ಮೊನೆ ಮಾಡುತ್ತಾ ಕೂತಿದ್ದೆ. ಅಷ್ಟರಲ್ಲಿ ಬ್ಯಾಂಡಿನವರು ಕೋಟು ಹಾಕಿ ನೋಡಲು ಬಂದರು. ಡ್ರಮ್ಮಿನವನು ಕನ್ನಡಿಯ ಮುಂದೆ ನಿಂತು ಮೈ ತಿರುಗಿಸಿದ, ಕುತ್ತಿಗೆ ತಿರುಗಿಸಿದ.

‘ಯಜಮಾನರೇ, ಈ ಕೈ ಹಿಂದಕ್ಕೆ ಹೋಗ್ತಿದೆ.’

‘ಡ್ರಮ್ಮು ಬೆನ್ನಿಗೆ ಕಟ್ಟಿಕೋ.’

‘ಅಲ್ಲಾ, ನೋಡಿ ಸ್ವಲ್ಪ. ಎರಡೂ ಎಡತೋಳೇ ಇದಾವೆ!’

‘ಈಗ ಅದೇ ಫ್ಯಾಷನ್ನು.’

ನಕ್ಕ. ಪಕ್ಕದವನು ಹಾಕಿಕೊಂಡ. ಅವನದೂ ಹಿಂದಕ್ಕೆ ಹೋಯಿತು. ಕೊಂಬು ಊದುವವನದೂ ಅಷ್ಟೆ. ಇಡೀ ಬ್ಯಾಂಡಿಗೆ ಒಂದೇ ಒಂದು ಬಲತೋಳು ಇಲ್ಲ. ತೋಳು ಕತ್ತರಿಸುವಾಗ ಬಟ್ಟೆಯನ್ನು ಎರಡು ಮಡಿಕೆ ಮಾಡಬೇಕು, ಆಗ ಒಂದು ಎಡ, ಒಂದು ಬಲ ತಾನಾಗಿ ಬರುತ್ತದೆ. ಹೊಲಿಗೆ ಕಲಿಯುವವರಿಗೆ ಮೊದಲ ದಿನ ಹೇಳಿಕೊಡುವ ಪಾಠ ಅದು. ನಾನು ಮಡಿಸಿಯೇ ಇಲ್ಲ. ಒಂಟಿ ಪದರದ ಮೇಲೆ ಒಂದೇ ತೋಳಿನ ಮಾದರಿ ಇಟ್ಟು ಇಟ್ಟು ಕತ್ತರಿ ಆಡಿಸಿಕೊಂಡು ಹೋಗಿದ್ದೇನೆ. ಯಾವಾಗ ಕತ್ತರಿಸಿದೆ ಅನ್ನುವುದೂ ನೆನಪಿಲ್ಲ.

ಡ್ರಮ್ಮಿನವನು ಒಳ್ಳೆಯವನು. ‘ಇರಲಿ ಬಿಡಿ ಯಜಮಾನರೇ, ಹುಷಾರಾಗಿದೀರಾ?’ ಅಂದ. ನನಗೇನಾಗಿದೆ ಹುಷಾರಿಗೆ? ಹುಲಿ ಹಾಗಿದ್ದೇನೆ.

ಇದನ್ನು ಓದಿ ನೀನು ನಗಬೇಕು. ಅಳುವ ಪಂಥಕ್ಕೆ ಈ ಪತ್ರದ ಮಟ್ಟಿಗೆ ರಜೆ. ಲೇಖನಿ ಗೀಖನಿ ಬಿಡುವ ಮಾತು ಎತ್ತಬೇಡ. ನಿಮ್ಮಮ್ಮ ಇದ್ದಿದ್ದರೆ ಬೆನ್ನಿಗೆ ಎರಡು ಬಾರಿಸುತ್ತಿದ್ದಳು.

ನಿನ್ನ ಮಾವ

ಮಾರ್ಚ್ 26

ಮಾವಾ,

ಎಡತೋಳಿನ ಪತ್ರ ಓದಿ ನಗಲಿಲ್ಲ. ನಿಮಗೆ ಏನಾಗಿದೆ ಎಂದು ಕೇಳಬೇಕು ಅನ್ನಿಸಿತು. ಅನ್ನಿಸಿತು ಎನ್ನುವುದೂ ದೊಡ್ಡ ಮಾತು. ಕೇಳಬೇಕಾದ ಜಾಗ ಎಂದು ತಿಳಿಯಿತು.

ಮೊನ್ನೆ ನಾನು ಶೆಡ್ಡಿನಲ್ಲಿದ್ದಾಗ ಕಲ್ಲು ಸಾಗಿಸುವವನು ಬಂದ. ಗೋಣಿ ಸರಿಸಿ ನಮ್ಮ ಕಲ್ಲನ್ನು ತಟ್ಟಿ, ‘ಒಳ್ಳೆ ಕಲ್ಲು. ಯಾರಿಗಮ್ಮಾ ಇದು?’ ಎಂದು ಕೇಳಿದ. ‘ನಮ್ಮ ಮಾವನ ಅಕ್ಕನಿಗೆ’ ಅಂದೆ. ಅವನು ಸರಿ ಎಂದು ಹೋದ. ಕಲ್ಲಿನವಳು ಉಳಿ ಕೆಳಗಿಟ್ಟಳು.

‘ನಿನ್ನ ಮಾವನ ಅಕ್ಕ ಅಂದ್ರೆ ನಿನಗೇನಾಗ್ಬೇಕೇ?’

ಲೆಕ್ಕ ಹಾಕಿ ಹೇಳುವವಳ ಹಾಗೆ ನಾನು ಬೆರಳು ಮಡಿಸಿದೆ.

ಮನೆಗೆ ಬಂದು ನಿಮ್ಮ ಪತ್ರಗಳನ್ನು ಮತ್ತೆ ಓದಿದೆ. ನಿಮ್ಮಮ್ಮ ಹೋಗಿ ಎರಡು ತಿಂಗಳು. ನಿಮ್ಮಮ್ಮ ಹೊತ್ತುಕೊಂಡು ಹೊರಟಳು. ನಿಮ್ಮಮ್ಮ ಬಾರಿಸುತ್ತಿದ್ದಳು. ನಾನು ಬರೆದಾಗಲೆಲ್ಲ ನಿಮ್ಮಕ್ಕ. ಬಾಗಿಲಲ್ಲಿ ನಿಂತ ನೆಂಟರನ್ನು ‘ನಿಮ್ಮ ಕಡೆಯವರು’, ‘ಅಲ್ಲ, ನಿಮ್ಮ ಕಡೆಯವರು’ ಎಂದು ಗಂಡ ಹೆಂಡತಿ ದಾಟಿಸುತ್ತಾರಲ್ಲ, ಹಾಗೆ ಅವಳನ್ನು ನಾವಿಬ್ಬರೂ ಒಬ್ಬರಿಂದೊಬ್ಬರಿಗೆ ದಾಟಿಸುತ್ತಿದ್ದೇವೆ. ಯಾರೂ ಒಳಗೆ ಕರೆದಿಲ್ಲ.

ನಾನು ಅವಳನ್ನು ಒಂದು ದಿನವೂ ಅಮ್ಮ ಎಂದವಳಲ್ಲ, ನಿಮಗೆ ಗೊತ್ತು. ಆಗ ನೀವು ನಮ್ಮ ಜೊತೆಯಲ್ಲೇ ಇದ್ದಿರಿ. ಮನೆ ತುಂಬ ನಿಮ್ಮ ದನಿ. ನೀವು ಕರೆಯುವುದನ್ನು ಕೇಳಿ ಕೇಳಿ ನಾನೂ ಹಾಗೇ ಕರೆದೆ. ಮುಂದೆ ‘ನಿಮ್ಮ’ ಸೇರಿಸದೆ ಆ ಪದವನ್ನು ಈಗ ಬರೆಯಲೂ ಆಗುತ್ತಿಲ್ಲ, ನೋಡಿ, ಸುತ್ತು ಹೊಡೆಯುತ್ತಿದ್ದೇನೆ.

ನೀವು ಬನ್ನಿ, ಮಾವ. ನನ್ನ ಪಕ್ಕ ನಿಂತು ಅದನ್ನು ಒಮ್ಮೆ ಬಾಯಿಬಿಟ್ಟು ಹೇಳಿ. ಆಮೇಲೆ ಕೈಗೆ ಏನಾದರೂ ಬರಬಹುದು. ಕಲ್ಲಿನವಳು ಹೊರಡಲು ಇನ್ನು ಹೆಚ್ಚು ದಿನವಿಲ್ಲ.

ಗೀಚಿ

ಏಪ್ರಿಲ್ 2

ಗೀಚಿಗೆ,

ಕಾಗದ ನೋಡಿದೆ. ಟೈಲರ್ ಬರೆದ ಪತ್ರಕ್ಕೇ ಟೇಪು ಹಿಡಿದು ಪದಪದದ ಅಳತೆ ತೆಗೆಯುವುದು ಓದಿದವರ ಚಾಳಿ. ನಾನು ಬಾಯಿಗೆ ಬಂದದ್ದನ್ನು ಬರೆಯುವವನು. ಅದರಲ್ಲಿ ಹುಡುಕುವುದಕ್ಕೆ ಏನೂ ಇಲ್ಲ.

ಬರಲು ಆಗುವುದಿಲ್ಲ. ಬ್ಯಾಂಡಿನವರ ಬಲತೋಳುಗಳೆಲ್ಲ ಬಾಕಿ ಇವೆ. ಯಂತ್ರದವನ ಹತ್ತಿರವೇ ಹಾಕಿಸು. ಎಲ್ಲರೂ ಹಾಕಿಸುತ್ತಾರೆ. ಮಣ್ಣಿನ ಕೆಳಗಿರುವವರು ಎದ್ದು ಬಂದು ಅಕ್ಷರ ಚೆಂದವಿಲ್ಲ ಅನ್ನುವುದಿಲ್ಲ.

ಮಾವ

ಏಪ್ರಿಲ್ 9

ಮಾವಾ,

ಆಯಿತು. ಯಂತ್ರದವನನ್ನು ನೋಡಿ ಬಂದೆ. ಪರದೆಯ ಮೇಲೆ ಹಲವು ಬಗೆಯ ಅಕ್ಷರ ತೋರಿಸಿದ. ಯಾವುದಾದರೂ ಆದೀತು ಅಂದೆ. ತಿಂಗಳ ಕೊನೆಗೆ ಕಲ್ಲು ಅವನಲ್ಲಿಗೆ ಹೋಗುತ್ತದೆ.

ಆಸ್ಪತ್ರೆಯ ಗೋಡೆ ಬಿಟ್ಟುಕೊಟ್ಟೆ. ಕುಂಬಾರನಿಗೂ ಆಗುವುದಿಲ್ಲ ಎಂದು ಹೇಳಿದೆ. ನಾನು ‘ಸಾಕು’ ಎಂದು ಗೀರಿದ್ದ ತಟ್ಟೆಯನ್ನು ಅವನು ಸುಟ್ಟು ಕೊಟ್ಟು ಕಳಿಸಿದ. ಶಾಯಿ, ಲೇಖನಿಗಳನ್ನೆಲ್ಲ ಒಂದು ಡಬ್ಬಿಗೆ ಹಾಕಿ ಅಟ್ಟದ ಮೇಲಿಟ್ಟಿದ್ದೇನೆ. ಔಷಧಿ ಕಂಪನಿಯೊಂದರಲ್ಲಿ ಸೀಸೆಗೆ ಚೀಟಿ ನೆಟ್ಟಗೆ ಅಂಟಿದೆಯೇ ಎಂದು ನೋಡುವ ಕೆಲಸ ಸಿಗಬಹುದು. ಕೂತು ನೋಡುವುದಷ್ಟೆ.

ಆರೋಗ್ಯ ನೋಡಿಕೊಳ್ಳಿ.

ಗೀಚಿ

ಏಪ್ರಿಲ್ 17

ಗೀಚೀ,

ಮೊದಲು ಅಟ್ಟ ಹತ್ತಿ ಡಬ್ಬಿ ಇಳಿಸು. ಆಮೇಲೆ ಮುಂದೆ ಓದು.

ಇಳಿಸಿದೆಯಾ? ಸುಳ್ಳು ಹೇಳಬೇಡ.

ಹಳ್ಳಿ ಶಾಲೆಯಲ್ಲಿ ನಾಲ್ಕು ಅಕ್ಷರ ಕಲಿತೆ ಅಂತ ಊರೆಲ್ಲ ಹೇಳಿಕೊಂಡು ತಿರುಗುತ್ತೇನಲ್ಲ, ಅವು ಶಾಲೆಯಲ್ಲಿ ಕಲಿತವಲ್ಲ. ಶಾಲೆಗೆ ಹೋಗುತ್ತಿದ್ದದ್ದು ಅವಳು. ಸಂಜೆ ಮನೆಗೆ ಬಂದು ಅಂಗಳದ ಮಣ್ಣಿನಲ್ಲಿ ಕಡ್ಡಿಯಿಂದ ಬರೆದು ನನಗೆ ಕಲಿಸುತ್ತಿದ್ದಳು. ಪುಸ್ತಕದ ಪ್ರಕಾರ ‘ಅ’ ಆದ ಮೇಲೆ ‘ಆ’ ತಾನೇ? ಅವಳ ಪಾಠದಲ್ಲಿ ‘ಅ’ ಆದ ಮೇಲೆ ನೇರವಾಗಿ ‘ಕ’, ಅದಕ್ಕೊಂದು ಒತ್ತು. ‘ಮೊದಲು ನನ್ನ ಹೆಸರು ಬರಿ. ಆಮೇಲೆ ಬೇಕಾದ್ರೆ ಊರಿನವರದೆಲ್ಲ ಬರ್ಕೋ’ ಅಂದಳು. ನಾನು ಬರೆದೆ. ಅದೇ ಅವಳ ಹೆಸರು ಅಂತ ನಂಬಿದೆ.

ನನ್ನನ್ನು ಶಾಲೆಗೆ ಸೇರಿಸಿದ ದಿನ ಮೇಷ್ಟರು ಕೇಳಿದರು. ‘ನಿಮ್ಮ ಅಕ್ಕನ ಹೆಸರೇನೋ?’

‘ಅಕ್ಕ.’

‘ಅಕ್ಕ ಸರಿ ಕಣೋ. ಹೆಸರು?’

‘ಅಕ್ಕ!’

ಬೆಂಚಿನ ಮೇಲೆ ನಿಲ್ಲಿಸಿದರು. ಮನೆಗೆ ಬಂದು, ಮೇಷ್ಟರಿಗೆ ಏನೂ ಗೊತ್ತಿಲ್ಲ ಅಂತ ಅವಳಿಗೆ ದೂರು ಹೇಳಿದೆ. ಅವಳು ಗಂಭೀರವಾಗಿ, ‘ಪಾಪ, ಅವರಿಗೆ ಹೇಗೆ ಗೊತ್ತಿರತ್ತೆ, ಬಿಡು’ ಅಂದಳು.

ನೀನು ಕಲ್ಲಿಗೆ ಬರೆಯುತ್ತಿರುವ ಆ ದಾಖಲೆಯ ಹೆಸರಿನಿಂದ ನಾನು ಅವಳನ್ನು ಕರೆದಿಲ್ಲ. ನೀನು ಕರೆದಿಲ್ಲ. ಹಾಲು ಹಾಕುವವನಿಂದ ಹಿಡಿದು ಮಹಡಿ ಮೇಲಿನ ಬಾಡಿಗೆಯವರ ತನಕ ಯಾರೂ ಕರೆದಿಲ್ಲ. ಎಲ್ಲರಿಗೂ ಅಕ್ಕ. ಆ ಇನ್ನೊಂದು ಹೆಸರಿನ ಹೆಂಗಸು ಯಾರೋ ನನಗಂತೂ ಪರಿಚಯವಿಲ್ಲ. ಪರಿಚಯವಿಲ್ಲದವಳು ನಿನ್ನ ಕಾಗದದ ಮೇಲೆ ಎದ್ದು ನಿಲ್ಲು ಅಂದರೆ ಯಾಕೆ ನಿಲ್ಲುತ್ತಾಳೆ?

ಬಾಯಿಬಿಟ್ಟು ಹೇಳಿ ಅಂದೆಯಲ್ಲ. ನಿನ್ನೆ ಅಂಗಡಿಯಲ್ಲಿ ಯಾರೂ ಇಲ್ಲದಾಗ ಹೇಳಿ ನೋಡಿದೆ. ನಾನು ಕರೆದರೆ ಎಲ್ಲಿದ್ದರೂ ‘ಏನೋ’ ಅನ್ನುವುದು ಅವಳ ಅಭ್ಯಾಸ. ಮಿಶಿನ್ನು, ಇಸ್ತ್ರಿಪೆಟ್ಟಿಗೆ, ತೂಗುಹಾಕಿದ ಕೋಟುಗಳು ಎಲ್ಲ ಸುಮ್ಮನಿದ್ದವು. ಇದು ಹೀಗೇ ಆಗುತ್ತದೆ ಅಂತ ಗೊತ್ತಿದ್ದೇ ನಾನು ಇಷ್ಟು ದಿನ ಕರೆದಿರಲಿಲ್ಲ.

ಮಂಡಿಗೆ ಏನೂ ಆಗಿಲ್ಲ. ಮೀಸೆ ಬೋಳಿಸಿದ್ದೇನೆ. ಸೋತೆ ಅಂತಲ್ಲ, ಸ್ವಲ್ಪ ಸೆಕೆ. ತಿಂಗಳ ಕೊನೆಗೆ ಬರುತ್ತೇನೆ.

ಮಾವ

ಏಪ್ರಿಲ್ 24

ಮಾವಾ,

ಡಬ್ಬಿ ಇಳಿಸಿದೆ. ಶಾಯಿ ಅಂಚಿನಲ್ಲಿ ಒಣಗಿತ್ತು, ನೀರು ಹಾಕಿ ಕಲಕಿದೆ.

ಬರೆದೆ. ಎರಡು ಅಕ್ಷರ, ಒಂದು ಒತ್ತು. ‘ಅ’ ಯಾವ ತೊಂದರೆಯೂ ಇಲ್ಲದೆ ಬಂತು. ಒತ್ತನ್ನು ಎಳೆಯುವಾಗ ಕೈ ಅಲುಗಿತು. ಗೆರೆ ದಪ್ಪವಾಗಿ ಪಕ್ಕಕ್ಕೆ ವಾಲಿದೆ. ಶೆಡ್ಡಿಗೆ ಒಯ್ದು ತೋರಿಸಿ, ಸರಿಮಾಡಿ ಇನ್ನೊಂದು ತರುತ್ತೇನೆ ಅಂದೆ. ಕಲ್ಲಿನವಳು ಹಾಳೆಯನ್ನು ಕೈಯಿಂದ ಕಿತ್ತುಕೊಂಡಳು.

‘ಇದೇ ಇರಲಿ.’

‘ಒತ್ತು ವಾಲಿದೆ.’

‘ವಾಲಲಿ ಬಿಡೇ. ದೊಡ್ಡಕ್ಷರಕ್ಕೆ ಒರಗಿಕೊಂಡು ನಿಂತ ಹಾಗಿದೆ.’

ಅವಳು ಬೈಯುತ್ತಾ ಉಳಿ ಹಿಡಿದಿದ್ದಾಳೆ. ‘ಅ’ ಮುಗಿದಿದೆ. ಸ್ಮಶಾನದ ಮೇಲ್ವಿಚಾರಕರು ಪೂರ್ತಿ ಹೆಸರು, ಇಸವಿ ಇರಲೇಬೇಕು, ನಿಯಮ ಎಂದರು. ಹಿಂಬದಿಗೆ ಹಾಕುತ್ತೇವೆ ಅಂದೆವು. ‘ಹಿಂದೆ ಯಾರಮ್ಮಾ ಓದ್ತಾರೆ?’ ಅಂದರು. ‘ನೀವು’ ಅಂದಳು ಕಲ್ಲಿನವಳು. ಒಪ್ಪಿದರು.

ನಾನು ಅತ್ತಿಲ್ಲ. ನಿಮಗೆ ಸುಳ್ಳು ಹೇಳುವುದಿಲ್ಲ. ಸ್ಟೇಷನ್ನಿಗೆ ಬರುತ್ತೇನೆ. ಮೀಸೆಯಿಲ್ಲದ ಮೇಲೆ ನಿಮ್ಮನ್ನು ಗುರುತು ಹಿಡಿಯುವುದು ಹೇಗೆ, ಕೈಯಲ್ಲಿ ಬೋರ್ಡು ಹಿಡಿದುಕೊಂಡು ಇಳಿಯಿರಿ. ಬೇಕಾದರೆ ಚೆಂದವಾಗಿ ಬರೆದು ಕಳಿಸುತ್ತೇನೆ.

ಗೀಚಿ

ಮೇ 6

ಗೀಚೀ,

ಸುಖವಾಗಿ ತಲುಪಿದೆ. ರೈಲಿನಲ್ಲಿ ಎದುರು ಕೂತವನ ಕೋಟಿನ ಭುಜ ಒಂದು ಬೆರಳು ಇಳಿದಿತ್ತು. ಹೇಳಿದೆ. ಸಿಟ್ಟಾದ. ಇಳಿಯುವಾಗ ನನ್ನ ಅಂಗಡಿಯ ವಿಳಾಸ ಕೇಳಿ ಬರೆದುಕೊಂಡ.

ನಾವಿಬ್ಬರೂ ಆ ಕಲ್ಲಿನ ಮುಂದೆ ಅಷ್ಟು ಹೊತ್ತು ನಿಂತದ್ದರ ಬಗ್ಗೆ ಬರೆಯುವುದಕ್ಕೆ ನನಗೆ ಬರುವುದಿಲ್ಲ. ನಿನಗೂ ಬೇಡ. ಆದರೆ ನೀನು ಕಲ್ಲಿನವಳನ್ನು ಕಳಿಸಲು ಗೇಟಿನ ತನಕ ಹೋದೆಯಲ್ಲ, ಆಗ ನಡೆದದ್ದನ್ನು ನಿನಗೆ ಹೇಳಿರಲಿಲ್ಲ.

ಒಬ್ಬಳು ಹೆಂಗಸು ಬಂದಳು. ಒಂದು ಕೈಯಲ್ಲಿ ನೀರಿನ ಬಕೆಟ್ಟು, ಕಂಕುಳಲ್ಲಿ ಹೂವಿನ ಗಿಡದ ಕುಂಡ. ಒಳಗೆ ಯಾರದೋ ಜಾಗಕ್ಕೆ ಹೊರಟವಳು. ನಮ್ಮ ಕಲ್ಲಿನ ಹತ್ತಿರ ಬಂದಾಗ ಚಪ್ಪಲಿಯ ಪಟ್ಟಿ ಕಳಚಿತು. ಬಕೆಟ್ಟು ಕೆಳಗಿಟ್ಟು, ಕಲ್ಲಿನ ತಲೆಯ ಮೇಲೆ ಕೈಯೂರಿ, ಒಂಟಿ ಕಾಲಿನಲ್ಲಿ ನಿಂತಳು. ಆಗ ಕಣ್ಣು ಅಕ್ಷರದ ಮೇಲೆ ಬಿತ್ತು. ಓದಿದಳು.

‘ಒಂದ್ನಿಮಿಷ, ಅಕ್ಕಾ’ ಅಂದಳು.

ನನಗಲ್ಲ. ಕಲ್ಲಿಗೆ. ರಸ್ತೆಯಲ್ಲಿ ಯಾರನ್ನೋ ಹಿಡಿದು ನಿಂತುಕೊಂಡಾಗ ಹೇಳುತ್ತಾರಲ್ಲ, ಹಾಗೆ. ಪಟ್ಟಿ ಸರಿಮಾಡಿಕೊಂಡಳು. ಕಲ್ಲಿನ ಮೇಲೆ ತನ್ನ ಒದ್ದೆ ಕೈಯ ಗುರುತಾದದ್ದನ್ನು ಸೆರಗಿನಿಂದ ಒರೆಸಿದಳು.

ನನಗೆ ಎಂಥ ಸಿಟ್ಟು ಬಂತು ಅಂತೀಯ! ತಿಂಗಳುಗಟ್ಟಲೆ ಯಾವ ಸಿಟ್ಟೂ ಬಂದಿರಲಿಲ್ಲ. ಯಾರಿವಳು? ಇವಳಿಗೆ ಯಾವ ಸೀಮೆಯ ಅಕ್ಕ? ಇವಳ್ಯಾವಾಗ ನಮ್ಮ ಮನೆಯಲ್ಲಿ ಹುಟ್ಟಿದಳು?

‘ರೀ! ಅವಳು ನನ್ನ ಅಕ್ಕ!’ ಅಂತ ಕೂಗಿದೆ. ನಿಜವಾಗಿ ಕೂಗಿದೆ. ಮರದ ಮೇಲಿನ ಹಕ್ಕಿ ಎದ್ದು ಹೋಯಿತು.

ಹೆಂಗಸು ಕುಂಡ ಸರಿಮಾಡಿಕೊಂಡು ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

‘ಅಲ್ಲ ಅಂದೋರ್ಯಾರು?’ ಅಂದಳು.

ಅವಳ ಬಕೆಟ್ಟು ನಾನೇ ಎತ್ತಿಕೊಂಡು ಹಿಂದೆ ನಡೆದೆ.

ನಿನ್ನ ಮಾವ